ಬಟ್ಟಲು, ಮಡಕೆ, ಪೆಟ್ಟಿಗೆ: ಅಗ್ಗದ ಸ್ಪೀಕರಿನ ದನಿ ತಿದ್ದಿದ ಚರಿತ್ರೆ

ವೀಣೆಯ ತಂತಿಯನ್ನು ಕೊಡದಿಂದ ಬಿಡಿಸಿ ಎರಡು ಗೂಟಗಳ ನಡುವೆ ಬಿಗಿದು ಮೀಟಿದರೆ ಅದರ ದನಿ ಪಕ್ಕದಲ್ಲಿ ಕುಳಿತವರಿಗೂ ಸರಿಯಾಗಿ ಮುಟ್ಟುವುದಿಲ್ಲ. ತೆಳುವಾದ ತಂತಿ ಗಾಳಿಯನ್ನು ಸೀಳಿಕೊಂಡು ಅಲುಗುತ್ತದೆಯೇ ಹೊರತು ಗಾಳಿಯನ್ನು ತಳ್ಳುವುದಿಲ್ಲ, ತಳ್ಳುವ ಕೆಲಸವನ್ನು ಹಲಸಿನ ಮರದ ಕೊಡವೂ ಅದರ ಮೇಲಿನ ಹಲಗೆಯೂ ಮಾಡುತ್ತವೆ. ಮನೆಯ ಕಂಪ್ಯೂಟರಿನ ಎರಡು ಬದಿಗಳಲ್ಲಿ ಇಡುವ ಅಗ್ಗದ ಸ್ಪೀಕರುಗಳಿಗೂ ಇದಕ್ಕೆ ಹತ್ತಿರದ ನಿಯಮವೊಂದು ಅನ್ವಯಿಸುತ್ತದೆ: ಕಿವಿಗೆ ಬೀಳುವ ದನಿಯ ಗುಣ ದನಿ ಹುಟ್ಟಿಸುವ ಭಾಗಕ್ಕಿಂತ ಹೆಚ್ಚಾಗಿ ಆ ಭಾಗವನ್ನು ಸುತ್ತುವರಿದ ಪೆಟ್ಟಿಗೆ, ಅದನ್ನು ಹೊತ್ತ ಮೇಜು, ಅದರ ಹಿಂದಿನ ಗೋಡೆ ಮತ್ತು ಕೇಳುವವರು ಕುಳಿತ ಕೋಣೆಗಳಿಂದ ನಿರ್ಧಾರವಾಗುತ್ತದೆ. ಆದರೆ ವಾದ್ಯಕ್ಕೂ ಸ್ಪೀಕರಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ವಾದ್ಯದ ಒಡಲು ತಾನೂ ಹಾಡಬೇಕು. ಸ್ಪೀಕರಿನ ಪೆಟ್ಟಿಗೆ ಹಾಡಕೂಡದು. ಅಗ್ಗದ ಸ್ಪೀಕರಿನಿಂದ ಒಳ್ಳೆಯ ದನಿ ಪಡೆಯಲು ಸುಮಾರು ನೂರು ವರ್ಷಗಳಿಂದ ನಡೆದು ಬಂದ ಪ್ರಯತ್ನಗಳ ಚರಿತ್ರೆಯೆಂದರೆ ಈ ಎರಡು ಮಾತುಗಳನ್ನು ಒಂದೊಂದು ತಲೆಮಾರೂ ತನ್ನ ಕೈಗೆ ಸಿಕ್ಕ ವಸ್ತುಗಳಲ್ಲಿ ಮತ್ತೆ ಕಂಡುಕೊಂಡ ಚರಿತ್ರೆ.

ಇಂದಿನ ಬಹುಪಾಲು ಸ್ಪೀಕರುಗಳ ಒಳರಚನೆ ಸರಳವಾದದ್ದು. ಅಯಸ್ಕಾಂತದ ಕಿರಿದಾದ ಬಿರುಕಿನಲ್ಲಿ ತಂತಿಯ ಸುರುಳಿಯೊಂದು ತೂಗಾಡುತ್ತಿರುತ್ತದೆ. ಹಾಡಿನ ವಿದ್ಯುತ್ ಸಂಕೇತ ಆ ಸುರುಳಿಯಲ್ಲಿ ಹರಿದಾಗ ಅದು ಹಿಂದಕ್ಕೂ ಮುಂದಕ್ಕೂ ಅಲುಗುತ್ತದೆ. ಸುರುಳಿಗೆ ಅಂಟಿಸಿದ ಕಾಗದದ ಶಂಕು, ಎಂದರೆ ಕೋನ್, ಅದರ ಜೊತೆಗೆ ಅಲುಗಿ ಗಾಳಿಯನ್ನು ತಳ್ಳುತ್ತದೆ. ಚಲಿಸುವ ಸುರುಳಿಯ ಈ ಕಲ್ಪನೆಗೆ ಜರ್ಮನಿಯ ಅರ್ನ್ಸ್ಟ್ ಸೀಮೆನ್ಸ್ 1874ರಲ್ಲಿಯೇ ಪೇಟೆಂಟ್ ಪಡೆದಿದ್ದನಾದರೂ, ಬ್ರಿಟನ್ನಿನ ಆಲಿವರ್ ಲಾಡ್ಜ್ 1898ರಲ್ಲಿ ಅದನ್ನು ಮುಂದುವರಿಸಿದನಾದರೂ, ಸುರುಳಿಯನ್ನು ಬಲವಾಗಿ ಅಲುಗಿಸಬಲ್ಲ ವರ್ಧಕ, ಅಂದರೆ ಆಂಪ್ಲಿಫೈಯರ್, ಇನ್ನೂ ಹುಟ್ಟಿರಲಿಲ್ಲವಾದ್ದರಿಂದ ಆ ಕಲ್ಪನೆ ಬಹುಕಾಲ ಕಾಗದದಲ್ಲಿಯೇ ಉಳಿಯಿತು. ನಿರ್ವಾತ ಕೊಳವೆಗಳು, ಎಂದರೆ ವಾಲ್ವುಗಳು, ಬಳಕೆಗೆ ಬರುತ್ತಿದ್ದ ಹೊತ್ತಿನಲ್ಲಿ, 1915ರಲ್ಲಿ, ಕ್ಯಾಲಿಫೋರ್ನಿಯದ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಮ್ ಎಂಬ ಇಬ್ಬರು ಚಲಿಸುವ ಸುರುಳಿಗೆ ದೊಡ್ಡ ಕಹಳೆಯನ್ನು ಜೋಡಿಸಿ ಸಾವಿರಾರು ಜನರಿಗೆ ಕೇಳಿಸುವಂತೆ ಮಾಡಿ, ತಮ್ಮ ಯಂತ್ರಕ್ಕೆ ಮ್ಯಾಗ್ನವಾಕ್ಸ್ ಎಂದು ಹೆಸರಿಟ್ಟರು.

ಮನೆಯೊಳಗಿನ ಪರಿಸ್ಥಿತಿ ಬೇರೆಯಿತ್ತು. 1920ರ ದಶಕದ ಆರಂಭದಲ್ಲಿ ಅಮೆರಿಕ ಮತ್ತು ಯುರೋಪಿನ ಮನೆಗಳಿಗೆ ರೇಡಿಯೊ ಬಂದಾಗ ಹೆಚ್ಚಿನವರು ಅದನ್ನು ಕಿವಿಗೆ ಕಟ್ಟಿಕೊಳ್ಳುವ ಹೆಡ್‌ಫೋನಿನಲ್ಲಿ ಕೇಳುತ್ತಿದ್ದರು, ಏಕೆಂದರೆ ಕಹಳೆಯ ಸ್ಪೀಕರು ದುಬಾರಿಯಾಗಿತ್ತು. ಮನೆಮಂದಿಯೆಲ್ಲ ಒಟ್ಟಿಗೆ ಕೇಳಬೇಕೆನಿಸಿದಾಗ ಹೆಡ್‌ಫೋನನ್ನು ಗಾಜಿನ ಅಥವಾ ಪಿಂಗಾಣಿಯ ಬಟ್ಟಲಿನಲ್ಲಿಟ್ಟು ಅದರ ಸುತ್ತ ಕೂರುವ ರೂಢಿ ಬೆಳೆಯಿತು. ಬಟ್ಟಲಿನ ಗಟ್ಟಿಯಾದ ಬಾಗಿದ ಮೈ ಎಲ್ಲ ದಿಕ್ಕಿಗೂ ಚದುರಿ ಹೋಗುವ ದನಿಯನ್ನು ಒಟ್ಟುಗೂಡಿಸಿ ಮೇಲಕ್ಕೆ ಕಳಿಸುತ್ತಿತ್ತು. ಹಣ ಖರ್ಚು ಮಾಡದೆ, ಇದ್ದ ಸಾಧನವನ್ನು ಬದಲಿಸದೆ, ಅದರ ಸುತ್ತಲಿನ ವಸ್ತುವನ್ನು ಮಾತ್ರ ಬದಲಿಸಿ ದನಿಯನ್ನು ಉತ್ತಮಗೊಳಿಸಿದ ಗೃಹಕೃತ್ಯಗಳಲ್ಲಿ ಇದು ಮೊದಲ ಸಾಲಿನದು.

ಆಧುನಿಕ ಸ್ಪೀಕರಿನ ನಿಜವಾದ ಜನ್ಮವರ್ಷ 1925. ಆ ವರ್ಷ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ತಮ್ಮ ಪ್ರಬಂಧದಲ್ಲಿ ಕಹಳೆಯ ಹಂಗಿಲ್ಲದೆ ಸಣ್ಣ ಕಾಗದದ ಕೋನ್ ಒಂದೇ ಸಾಕಷ್ಟು ವಿಸ್ತಾರವಾದ ಸ್ವರಗಳನ್ನು ಹೊರಡಿಸಬಲ್ಲದೆಂದು ತೋರಿಸಿದರು. ಅದಕ್ಕೆ ಅವರು ಹಾಕಿದ ನಿಬಂಧನೆಗಳಲ್ಲಿ ಒಂದು ಇಂದಿಗೂ ಅಷ್ಟೇ ಕಟ್ಟುನಿಟ್ಟಾಗಿದೆ. ಕೋನ್ ಮುಂದಕ್ಕೆ ಬಂದಾಗ ಅದರ ಮುಂದಿನ ಗಾಳಿ ಒತ್ತಲ್ಪಡುತ್ತದೆ, ಅದೇ ಗಳಿಗೆಯಲ್ಲಿ ಹಿಂದಿನ ಗಾಳಿ ಸಡಿಲಗೊಳ್ಳುತ್ತದೆ. ಈ ಎರಡರ ನಡುವೆ ಅಡ್ಡಿಯೇನೂ ಇಲ್ಲದಿದ್ದರೆ ಮುಂದಿನ ಒತ್ತಡ ಅಂಚನ್ನು ಸುತ್ತಿಕೊಂಡು ಹಿಂದಕ್ಕೆ ಹೋಗಿ, ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಆದ್ದರಿಂದ, ಸೆಕೆಂಡಿಗೆ 1,000 ಸಲ ಕಂಪಿಸುವ, ಎಂದರೆ 1,000 ಹರ್ಟ್ಸ್‌ನ ಸ್ವರದ ಒಂದು ಅಲೆಯ ಉದ್ದ 34 ಸೆಂಟಿಮೀಟರ್, 100 ಹರ್ಟ್ಸ್‌ನ ಮಂದ್ರ ಸ್ವರದ ಅಲೆಯ ಉದ್ದ 3.4 ಮೀಟರ್. ಅಂಗೈಯಗಲದ ಕೋನಿಗೆ ಮೂರು ಮೀಟರಿಗೂ ಮೀರಿದ ಅಲೆಯನ್ನು ಬರಿಮೈಯಲ್ಲಿ ಹೊರಡಿಸುವುದು ಅಸಾಧ್ಯ. ಈ ಅಳಿಸಾಟವನ್ನು ತಡೆಯಲು ಕೋನಿನ ಸುತ್ತ ಕೂರಿಸುವ ಅಡ್ಡಹಲಗೆಗೆ ಬ್ಯಾಫಲ್ ಎಂದು ಹೆಸರು. ಆ ಹಲಗೆಯ ಅಂಚುಗಳನ್ನು ಹಿಂದಕ್ಕೆ ಮಡಿಸಿದರೆ ಅದೇ ಪೆಟ್ಟಿಗೆ.

ಮೈಸೂರು ಸೀಮೆಗೆ ಈ ಪೆಟ್ಟಿಗೆಯ ಪರಿಚಯವಾದದ್ದು ರೇಡಿಯೊದ ಮೂಲಕ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 30 ವಾಟ್‌ನ ಪುಟ್ಟ ಪ್ರಸಾರಯಂತ್ರದ ಮೂಲಕ ಆರಂಭಿಸಿದ ಬಾನುಲಿ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂತು, ಮುಂದೆ ಇಡೀ ದೇಶದ ಬಾನುಲಿಗೇ ಆ ಹೆಸರು ನಿಂತಿತು. ಆ ಕಾಲದ ಮತ್ತು ಮುಂದಿನ ಎರಡು ದಶಕಗಳ ವಾಲ್ವ್ ರೇಡಿಯೊಗಳು ಮರದ ದೊಡ್ಡ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ವಾಲ್ವುಗಳ ಕಾವು ಹೊರಹೋಗಬೇಕಾದ್ದರಿಂದ ಹಿಂಬದಿಗೆ ತೂತುಗಳಿದ್ದ ತೆಳ್ಳನೆಯ ರಟ್ಟು ಮಾತ್ರ ಇರುತ್ತಿತ್ತು. ಹಿಂಬದಿ ತೆರೆದಿದ್ದರೂ ಅಗಲವಾದ ಮುಂಬದಿಯ ಹಲಗೆ ಬ್ಯಾಫಲಿನ ಕೆಲಸ ಮಾಡುತ್ತಿದ್ದುದರಿಂದ, ಒಂದೇ ಸ್ಪೀಕರಿನ ಆ ಯಂತ್ರಗಳ ದನಿಗೆ ಒಂದು ಬಗೆಯ ಹದವಾದ ಘನತೆ ಇತ್ತು. ಟ್ರಾನ್ಸಿಸ್ಟರ್ ಬಂದು ರೇಡಿಯೊ ಕೈಚೀಲದ ಗಾತ್ರಕ್ಕೆ ಇಳಿದಾಗ ಹಳಬರು ‘ದನಿ ಕೀಚಲಾಯಿತು’ ಎಂದು ದೂರಿದ್ದರೆ ಅದನ್ನು ಹಳಹಳಿಕೆಯೆಂದು ತಳ್ಳಿಹಾಕುವಂತಿಲ್ಲ. ಹಲಗೆ ಚಿಕ್ಕದಾದಷ್ಟೂ ಮಂದ್ರಸ್ವರ ಅಳಿಸಿಹೋಗುತ್ತದೆ ಎಂಬ ಭೌತಶಾಸ್ತ್ರದ ಮಾತನ್ನೇ ಆ ದೂರು ಬೇರೆ ರೀತಿಯಲ್ಲಿ ಹೇಳುತ್ತದೆ.

ಪೆಟ್ಟಿಗೆಯನ್ನು ಸುಮ್ಮನೆ ಮುಚ್ಚಿದರೆ ಹಿಂಬದಿಯ ಅಲೆ ವ್ಯರ್ಥವಾಗುತ್ತದೆ. ಅದನ್ನು ಉಪಯೋಗಿಸಿಕೊಳ್ಳುವ ಬಗೆಯನ್ನು ಬೆಲ್ ಪ್ರಯೋಗಾಲಯದ ಆಲ್ಬರ್ಟ್ ತುರಾಸ್ 1930ರಲ್ಲಿ ಸೂಚಿಸಿ 1932ರಲ್ಲಿ ಪೇಟೆಂಟ್ ಪಡೆದನು. ಮುಚ್ಚಿದ ಪೆಟ್ಟಿಗೆಗೆ ಲೆಕ್ಕ ಹಾಕಿದ ಅಳತೆಯ ರಂಧ್ರವನ್ನೋ ಕೊಳವೆಯನ್ನೋ ಇಟ್ಟರೆ ಕೊಳವೆಯೊಳಗಿನ ಗಾಳಿ ಒಂದು ತೂಕದಂತೆಯೂ ಪೆಟ್ಟಿಗೆಯೊಳಗಿನ ಗಾಳಿ ಒಂದು ಸ್ಪ್ರಿಂಗಿನಂತೆಯೂ ವರ್ತಿಸಿ, ಎರಡೂ ಸೇರಿ ಒಂದು ನಿರ್ದಿಷ್ಟ ಮಂದ್ರಸ್ವರದಲ್ಲಿ ಜೋರಾಗಿ ತೂಗುತ್ತವೆ, ಆ ತೂಗಾಟದಲ್ಲಿ ಹಿಂಬದಿಯ ಅಲೆ ತಿರುಗುಮುರುಗಾಗಿ ಮುಂಬದಿಯ ಅಲೆಗೆ ನೆರವಾಗುತ್ತದೆ. ಖಾಲಿ ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿದಾಗ ಹೊರಡುವ ಹೂಂಕಾರದ ಹಿಂದಿರುವುದೂ ಇದೇ ನಿಯಮ. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ವಿವರಿಸಿದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್‌ನ ಹೆಸರಿನಿಂದ ಆ ಅನುರಣನ ಗುರುತಾಗಿದೆ. ತುರಾಸನ ರಚನೆಗೆ ಬಾಸ್ ರಿಫ್ಲೆಕ್ಸ್ ಎಂದು ಹೆಸರಾಯಿತು. ಇಂದು ಕೆಲವು ನೂರು ರೂಪಾಯಿಗೆ ಸಿಗುವ ಪ್ಲಾಸ್ಟಿಕ್ ಸ್ಪೀಕರಿನ ಹಿಂಬದಿಯಲ್ಲಿ ಕಾಣುವ ಉರುಟಾದ ತೂತು ಅದರ ದೂರದ ಸಂತಾನ. ಆದರೆ ಲೆಕ್ಕವಿಲ್ಲದೆ ಕೊರೆದ ತೂತು ಎಲ್ಲ ಮಂದ್ರಸ್ವರಗಳನ್ನೂ ಒಂದೇ ಸ್ವರದ ‘ಬುಂ’ ಎಂಬ ಗುಂಗಾಗಿ ಮಾರ್ಪಡಿಸುತ್ತದೆ.

ಎರಡನೆಯ ಮಹಾಯುದ್ಧದ ನಂತರದ ದಶಕದಲ್ಲಿ ಮನೆಯಲ್ಲಿ ಕೂತು ಸಂಗೀತ ಕೇಳುವ ಹವ್ಯಾಸ ಪಶ್ಚಿಮದಲ್ಲಿ ಹಬ್ಬಿದಾಗ ಗೋಡೆ ಮತ್ತು ಮೂಲೆಗಳನ್ನೇ ಸ್ಪೀಕರಿನ ಭಾಗವಾಗಿಸುವ ಪ್ರಯೋಗಗಳು ನಡೆದವು. ಅಮೆರಿಕದ ಆರ್ಕನ್ಸಾ ರಾಜ್ಯದ ಹೋಪ್ ಎಂಬ ಊರಿನಲ್ಲಿ ಪಾಲ್ ಕ್ಲಿಪ್ಶ್ 1946ರಲ್ಲಿ ಆರಂಭಿಸಿದ ಕಾರ್ಖಾನೆಯ ಸ್ಪೀಕರು ಕೋಣೆಯ ಮೂಲೆಯಲ್ಲಿ ನಿಂತು, ಆ ಮೂಲೆಯ ಎರಡು ಗೋಡೆಗಳನ್ನು ತನ್ನ ಕಹಳೆಯ ಬಾಯಿಯ ಮುಂದುವರಿಕೆಯಾಗಿ ಬಳಸುತ್ತಿತ್ತು. ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ಉಣ್ಣೆಬಟ್ಟೆಯ ವ್ಯಾಪಾರದಲ್ಲಿದ್ದ ಗಿಲ್ಬರ್ಟ್ ಬ್ರಿಗ್ಸ್ 1930ರ ದಶಕದ ಆರಂಭದಲ್ಲಿ ತನ್ನ ಮನೆಯ ನೆಲಮಾಳಿಗೆಯಲ್ಲಿ ಸ್ಪೀಕರು ತಯಾರಿಸತೊಡಗಿ ವಾರ್ಫ್‌ಡೇಲ್ ಸಂಸ್ಥೆಯನ್ನು ಕಟ್ಟಿದವನು. ಸ್ಪೀಕರುಗಳನ್ನು ಕುರಿತು ಅವನು 1948ರಲ್ಲಿ ಪ್ರಕಟಿಸಿದ ಪುಸ್ತಕ ಎಂಜಿನಿಯರುಗಳಲ್ಲದ ಗೃಹಸ್ಥರಿಗಾಗಿ ಬರೆದದ್ದಾಗಿತ್ತು. ಪೆಟ್ಟಿಗೆಯ ಹಲಗೆ ನಡುಗಿದರೆ ಅದೇ ಒಂದು ಎರಡನೆಯ ಸ್ಪೀಕರಾಗಿ ಸುಳ್ಳು ದನಿ ಹೊರಡಿಸುತ್ತದೆ ಎಂಬುದನ್ನು ಮನಗಂಡಿದ್ದ ಬ್ರಿಗ್ಸ್, ಎರಡು ತೆಳು ಹಲಗೆಗಳ ನಡುವೆ ಒಣ ಮರಳು ತುಂಬಿಸುವ ವಿಧಾನವನ್ನೂ ಕೋಣೆಯ ಮೂಲೆಯಲ್ಲಿ ಇಟ್ಟಿಗೆಯಿಂದಲೇ ಸ್ಪೀಕರಿನ ಗೂಡು ಕಟ್ಟುವ ವಿಧಾನವನ್ನೂ ಪ್ರಚಾರ ಮಾಡಿದನು. ಮರಳು, ಇಟ್ಟಿಗೆ ಎರಡೂ ಸ್ಪೀಕರಿಗಿಂತ ಅಗ್ಗ. ನಡುಗದಿರುವ ಗುಣದಲ್ಲಿ ಎರಡೂ ಬೆಲೆಬಾಳುವ ಮರವನ್ನು ಮೀರಿಸುತ್ತವೆ.

ಪೆಟ್ಟಿಗೆಯನ್ನು ಚಿಕ್ಕದಾಗಿಸಿದ ಕೀರ್ತಿ ಎಡ್ಗರ್ ವಿಲ್ಚರ್‌ಗೆ ಸಲ್ಲುತ್ತದೆ. ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ ಸಿಕ್ಕಿಬಿದ್ದ ಗಾಳಿಯೇ ಕೋನಿಗೆ ಸ್ಪ್ರಿಂಗ್ ಆಗಬಲ್ಲದೆಂದೂ, ಆ ಗಾಳಿಯ ಸ್ಪ್ರಿಂಗ್ ಕಾಗದ ಬಟ್ಟೆಗಳ ಸ್ಪ್ರಿಂಗಿಗಿಂತ ನಿಯತವಾದದ್ದೆಂದೂ ತೋರಿಸಿದ ಅವನು, ಹೆನ್ರಿ ಕ್ಲಾಸ್‌ನ ಜೊತೆಗೂಡಿ 1954ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ಪಟ್ಟಣದಲ್ಲಿ ಅಕೌಸ್ಟಿಕ್ ರಿಸರ್ಚ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಪುಸ್ತಕದ ಕಪಾಟಿನಲ್ಲಿ ಹಿಡಿಸುವ ಸ್ಪೀಕರಿನಿಂದ ಆಳವಾದ ಮಂದ್ರ ಹೊರಡುವುದು ಆಗ ವಿಸ್ಮಯವಾಗಿತ್ತು. ಇದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಕ್ಲಾಸ್‌ನ ಮುಂದಿನ ಸಂಸ್ಥೆಯಲ್ಲಿ ಪಾಲುದಾರನಾದ ಆಂಟನ್ ಹಾಫ್‌ಮನ್ನನ ಹೆಸರಿನಲ್ಲಿ ಪ್ರಸಿದ್ಧವಾದ ‘ಕಬ್ಬಿಣದ ನಿಯಮ’ದ ಪ್ರಕಾರ ಸಣ್ಣ ಪೆಟ್ಟಿಗೆ, ಆಳವಾದ ಮಂದ್ರ, ಕಡಿಮೆ ವಿದ್ಯುತ್ತಿಗೆ ಹೆಚ್ಚು ದನಿ ಎಂಬ ಮೂರು ಅಪೇಕ್ಷೆಗಳಲ್ಲಿ ಎರಡು ಮಾತ್ರ ಒಟ್ಟಿಗೆ ಈಡೇರುತ್ತವೆ. ವಿಲ್ಚರ್ ಬಿಟ್ಟುಕೊಟ್ಟದ್ದು ಮೂರನೆಯದನ್ನು. ಟ್ರಾನ್ಸಿಸ್ಟರಿನಿಂದಾಗಿ ವರ್ಧಕದ ವಾಟ್ ಅಗ್ಗವಾಗುತ್ತ ಹೋದಂತೆ ಆ ತ್ಯಾಗ ಹಗುರವಾಯಿತು.

ಕೋನು ಮತ್ತು ಪೆಟ್ಟಿಗೆ ಎರಡನ್ನೂ ಇದ್ದಂತೆಯೇ ಇಟ್ಟುಕೊಂಡು ವಿದ್ಯುತ್ ಸಂಕೇತವನ್ನೇ ಮೊದಲು ತಿದ್ದುವ ಹಾದಿಯನ್ನು ತೋರಿಸಿದವರಲ್ಲಿ ಬ್ರಿಟನ್ನಿನ ಪೀಟರ್ ಬ್ಯಾಕ್ಸಂಡಾಲ್ ಪ್ರಮುಖ. ಮಂದ್ರ ಮತ್ತು ತಾರ ಸ್ವರಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸರಳ ವಿದ್ಯುತ್ ಮಂಡಲವನ್ನು, ಎಂದರೆ ಸರ್ಕ್ಯೂಟನ್ನು, ಅವನು 1952ರಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದನು; ಬಾಸ್, ಟ್ರೆಬಲ್ ಎಂಬ ಎರಡು ತಿರುಗುಗುಂಡಿಗಳಿರುವ ಅಸಂಖ್ಯ ವರ್ಧಕಗಳು ಅದರ ಪಡಿಯಚ್ಚುಗಳು. 1968ರಲ್ಲಿ ಅದೇ ಪತ್ರಿಕೆಯಲ್ಲಿ ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಂಡಾಕಾರದ ಒಂದೇ ಅಗ್ಗದ ಸ್ಪೀಕರನ್ನು ತೆಗೆದುಕೊಂಡು, ಅದು ಎಲ್ಲಿ ಹೆಚ್ಚು ಕೂಗುತ್ತದೆ ಎಲ್ಲಿ ಸೊರಗುತ್ತದೆ ಎಂದು ಅಳೆದು, ಆ ಏರುಪೇರನ್ನು ಸರಿದೂಗಿಸುವ ಮಂಡಲದೊಂದಿಗೆ ಸಣ್ಣ ಪೆಟ್ಟಿಗೆಯಲ್ಲಿ ಕೂರಿಸಿ, ಕಡಿಮೆ ಖರ್ಚಿನ ಉತ್ತಮ ಸ್ಪೀಕರಿನ ರಚನೆಯನ್ನು ವಿವರಿಸಿದನು. ಇದೇ ಹೊತ್ತಿಗೆ ಆಸ್ಟ್ರೇಲಿಯದಲ್ಲಿ ನೆವಿಲ್ ಥೀಲ್ 1961ರಲ್ಲಿ ಬರೆದ ಪ್ರಬಂಧವೂ, 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಅದನ್ನು ವಿಸ್ತರಿಸಿದ ರೀತಿಯೂ, ಇಂಥ ಕೋನಿಗೆ ಎಷ್ಟು ಲೀಟರಿನ ಪೆಟ್ಟಿಗೆ, ಎಷ್ಟು ಉದ್ದದ ಕೊಳವೆ ಎಂಬುದನ್ನು ಗಣಿತದಿಂದ ಮೊದಲೇ ಹೇಳಲು ಸಾಧ್ಯವಾಗಿಸಿದವು. ಬಡಗಿಯ ಅಂದಾಜು ಲೆಕ್ಕದ ಕೋಷ್ಟಕಕ್ಕೆ ದಾರಿ ಬಿಟ್ಟಿತು.

ಕರ್ನಾಟಕದಲ್ಲಿ ಈ ವಿದ್ಯೆ ಅಂಗಡಿ ಬೀದಿಗಳ ಮೂಲಕ ಹರಡಿತು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಮುಂದೆ ವಾಲ್ವುಗಳನ್ನೂ ಟ್ರಾನ್ಸಿಸ್ಟರುಗಳನ್ನೂ ತಯಾರಿಸಿತು, ನಗರದ ಎಸ್. ಪಿ. ರಸ್ತೆ ಬಿಡಿಭಾಗಗಳ ಪೇಟೆಯಾಗಿ ಬೆಳೆಯಿತು. ಆಮದಿನ ಸಂಗೀತಯಂತ್ರಗಳು ಮಧ್ಯಮವರ್ಗದ ಕೈಗೆಟುಕದಿದ್ದ ಕಾಲದಲ್ಲಿ ಬೋರ್ಡು, ಟ್ರಾನ್ಸ್‌ಫಾರ್ಮರು, ಸ್ಪೀಕರುಗಳನ್ನು ಬೇರೆಬೇರೆಯಾಗಿ ಕೊಂಡು ರೇಡಿಯೊ ರಿಪೇರಿಯವರಿಂದ ‘ಅಸೆಂಬಲ್’ ಮಾಡಿಸಿಕೊಳ್ಳುವುದು, ಟೇಪ್‌ರೆಕಾರ್ಡರಿಗೆ ಹೊರಗಿನ ‘ಬಾಕ್ಸ್’ ಜೋಡಿಸುವುದು ವಾಡಿಕೆಯಾಯಿತು. ಟಿಡಿಎ 2030ರಂಥ ಒಂದೇ ಚಿಪ್ಪಿನಲ್ಲಿ ಹತ್ತಕ್ಕೂ ಹೆಚ್ಚು ವಾಟ್‌ನ ವರ್ಧಕ ದೊರೆಯತೊಡಗಿದ ಮೇಲೆ ಈ ಕೆಲಸ ಇನ್ನಷ್ಟು ಸುಲಭವಾಯಿತು.

ಅದೇ ಕಾಲದ ದಕ್ಷಿಣ ಭಾರತದ ಊರುಗಳಲ್ಲಿ ಪೆಟ್ಟಿಗೆಯ ಬದಲು ಮಣ್ಣಿನ ಮಡಕೆಯ ಬಾಯಿಗೆ ಸ್ಪೀಕರನ್ನು ಕೂರಿಸುವ ರೂಢಿಯೂ ಕಾಣುತ್ತದೆ. ಇದನ್ನು ಬಡತನದ ಉಪಾಯವೆಂದು ಮಾತ್ರ ಎಣಿಸುವುದು ಸರಿಯಲ್ಲ. ಸುಟ್ಟ ಮಣ್ಣು ಬಿರುಸಾದದ್ದು, ಅದರ ಬಾಗಿದ ಮೈ ಚಪ್ಪಟೆ ಹಲಗೆಯಂತೆ ಹೊಟ್ಟೆಯುಬ್ಬಿಸಿ ನಡುಗುವುದಿಲ್ಲ, ಎದುರುಬದುರು ಸಮಾನಾಂತರ ಗೋಡೆಗಳಿಲ್ಲದ ಕಾರಣ ಒಳಗಿನ ಅಲೆಗಳು ಒಂದೇ ಜಾಗದಲ್ಲಿ ಪುಟಿದು ಬಲಗೊಳ್ಳುವುದೂ ಕಡಿಮೆ. ಬ್ರಿಗ್ಸ್ ಇಟ್ಟಿಗೆಯಲ್ಲಿ ಹುಡುಕಿದ ಗುಣ ಕುಂಬಾರನ ತಿಗುರಿಯಲ್ಲಿ ಸಹಜವಾಗಿಯೇ ಸಿದ್ಧವಾಗಿತ್ತು. ಘಟವಾದ್ಯವನ್ನು ಬಲ್ಲ ನಾಡಿನಲ್ಲಿ ಮಡಕೆಯೊಳಗಿನ ಗಾಳಿ ಗುಮುಗುಡುತ್ತದೆ ಎಂಬುದು ಹೊಸ ಸಂಗತಿಯೂ ಆಗಿರಲಿಲ್ಲ. ಕುತ್ತಿಗೆಯಲ್ಲಿ ಸಂದು ಉಳಿದರೆ ಮಡಕೆ ತುರಾಸನ ರಂಧ್ರದಂತೆ ವರ್ತಿಸಿ ಒಂದೇ ಸ್ವರವನ್ನು ಎತ್ತಿ ಹಿಡಿಯುತ್ತದೆ, ಸಂದನ್ನು ಬಿಗಿಯಾಗಿ ಮುಚ್ಚಿ ಒಳಗೆ ಸ್ವಲ್ಪ ಹತ್ತಿ ತುರುಕಿದರೆ ವಿಲ್ಚರನ ಮುಚ್ಚಿದ ಪೆಟ್ಟಿಗೆಯ ಹತ್ತಿರಕ್ಕೆ ಬರುತ್ತದೆ. ಗುಂಗು ಹೆಚ್ಚಿದ್ದನ್ನೇ ಒಳ್ಳೆಯ ದನಿಯೆಂದು ಭ್ರಮಿಸಿದವರಿಗೆ ಮಡಕೆ ವಾದ್ಯವಾಯಿತು. ಗುಂಗನ್ನು ಅಡಗಿಸಿದವರಿಗೆ ಅದು ಪೆಟ್ಟಿಗೆಯಾಯಿತು.

ಕಂಪ್ಯೂಟರು ಸಂಗೀತದ ಯಂತ್ರವಾಗಿ ಹುಟ್ಟಿದ್ದಲ್ಲ. 1981ರ ಐಬಿಎಂ ಪರ್ಸನಲ್ ಕಂಪ್ಯೂಟರಿನ ಡಬ್ಬದೊಳಗೆ ಎರಡೂಕಾಲು ಅಂಗುಲದ ಸ್ಪೀಕರೊಂದು ಪೆಟ್ಟಿಗೆಯಿಲ್ಲದೆ ಇರುತ್ತಿತ್ತು. ಅದಕ್ಕೆ ಹೋಗುತ್ತಿದ್ದ ಸಂಕೇತ ಹೊತ್ತುವುದು, ಆರುವುದು ಎಂಬ ಎರಡೇ ಸ್ಥಿತಿಗಳದ್ದಾದ್ದರಿಂದ ‘ಬೀಪ್’ ಎಂಬ ಎಚ್ಚರಿಕೆಗಿಂತ ಹೆಚ್ಚಿನದನ್ನು ಅದರಿಂದ ಯಾರೂ ನಿರೀಕ್ಷಿಸಿರಲಿಲ್ಲ. ಸಿಂಗಪುರದ ಸಿಮ್ ವಾಂಗ್ ಹೂ ಸ್ಥಾಪಿಸಿದ ಕ್ರಿಯೇಟಿವ್ ಸಂಸ್ಥೆ 1989ರಲ್ಲಿ ಹೊರತಂದ ಸೌಂಡ್ ಬ್ಲಾಸ್ಟರ್ ಎಂಬ ಕಾರ್ಡು ಧ್ವನಿಮುದ್ರಿತ ದನಿಯನ್ನು ನುಡಿಸುವ ಶಕ್ತಿಯನ್ನು ಮನೆಯ ಕಂಪ್ಯೂಟರಿಗೆ ತಂದಿತು. ಸಿಡಿ ರಾಮ್, ಅದರ ಬೆನ್ನಿಗೆ ಎಂಪಿ3 ಬಂದಾಗ ಮೇಜಿನ ಮೇಲಿಡುವ ಸ್ಪೀಕರುಗಳಿಗೆ ದೊಡ್ಡ ಮಾರುಕಟ್ಟೆ ತೆರೆಯಿತು. 1997ರ ಎಸಿ97 ಎಂಬ ಇಂಟೆಲ್ಲಿನ ಮಾನದಂಡದ ನಂತರ ಧ್ವನಿಯ ಚಿಪ್ಪು ಮದರ್‌ಬೋರ್ಡಿನಲ್ಲಿಯೇ ಸೇರಿಕೊಂಡು, ಬೇರೆ ಕಾರ್ಡಿನ ಅಗತ್ಯ ಬಹುಪಾಲು ಮನೆಗಳಲ್ಲಿ ತಪ್ಪಿತು. ಅಂದಿನ ಗಾಜಿನ ದಪ್ಪ ಪರದೆಯ ಪಕ್ಕ ಬರಿಯ ಅಯಸ್ಕಾಂತವನ್ನಿಟ್ಟರೆ ಚಿತ್ರದ ಬಣ್ಣಗಳು ಕಲಸಿಹೋಗುತ್ತಿದ್ದುದರಿಂದ ಈ ಸ್ಪೀಕರುಗಳ ಅಯಸ್ಕಾಂತಕ್ಕೆ ಕಾಪು ಹಾಕಬೇಕಾಗಿತ್ತು. ಅಗ್ಗದ ತಯಾರಕರು ಉಳಿತಾಯ ಮಾಡಿದ್ದು ಪೆಟ್ಟಿಗೆಯಲ್ಲಿ: ತೆಳ್ಳನೆಯ ಪ್ಲಾಸ್ಟಿಕ್ಕು, ಒಳಗೆ ಖಾಲಿ, ಎಲ್ಲೆಲ್ಲೂ ಸಂದು.

ಪೆಟ್ಟಿಗೆಯಲ್ಲಿ ಕಳೆದುಕೊಂಡದ್ದನ್ನು ರಟ್ಟಿನ ಮೇಲಿನ ಅಕ್ಷರಗಳಲ್ಲಿ ತುಂಬಿಸುವ ಪದ್ಧತಿ ಆಗ ಬೆಳೆಯಿತು. ವರ್ಧಕದ ಶಕ್ತಿಯ ಬಗ್ಗೆ ಉತ್ಪ್ರೇಕ್ಷೆಗೆ ಕಡಿವಾಣ ಹಾಕಲು ಅಮೆರಿಕದ ವ್ಯಾಪಾರ ಆಯೋಗ 1974ರಲ್ಲಿಯೇ ನಿಯಮ ತಂದು, ಎಡೆಬಿಡದೆ ಕೊಡಬಲ್ಲ ವಾಟ್‌ಗಳನ್ನು ಮಾತ್ರ ಹೇಳಬೇಕೆಂದು ವಿಧಿಸಿತ್ತು. ಆದರೆ ಭಾರತದ ಅಂಗಡಿಗಳಲ್ಲಿ ಮಾರಾಟವಾದ ಸ್ಪೀಕರುಗಳ ಮೇಲೆ ಪಿಎಂಪಿಒ ಎಂಬ, ಎಲ್ಲರೂ ಒಪ್ಪಿದ ಅಳತೆಯ ವಿಧಾನವೇ ಇಲ್ಲದ, ಕ್ಷಣಮಾತ್ರದ ಕಾಲ್ಪನಿಕ ಶಕ್ತಿಯ ದೊಡ್ಡ ಅಂಕಿಗಳು ರಾರಾಜಿಸಿದವು. ಯುಎಸ್‌ಬಿಯ ಹಳೆಯ ಮಾನದಂಡದ ಕಿಂಡಿ 5 ವೋಲ್ಟಿನಲ್ಲಿ ಅರ್ಧ ಆಂಪಿಯರ್, ಎಂದರೆ 2.5 ವಾಟ್ ಮಾತ್ರ ಕೊಡುತ್ತದೆ ಎಂಬುದನ್ನು ನೆನೆದರೆ ಆ ಕಿಂಡಿಯಿಂದಲೇ ನಡೆಯುವ ಸ್ಪೀಕರಿನ ಮೇಲಿನ ನೂರಾರು ವಾಟ್‌ಗಳ ಬೆಲೆ ತಿಳಿಯುತ್ತದೆ. ಇಷ್ಟಾಗಿಯೂ 2 ವಾಟ್ ಕೊರತೆಯಲ್ಲ; ವಾಟ್ ಎರಡು ಪಟ್ಟಾದರೆ ದನಿ ಏರುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ದನಿ ಇಮ್ಮಡಿಯಾದಂತೆ ತೋರಲು ಸುಮಾರು ಹತ್ತು ಪಟ್ಟು ವಾಟ್ ಬೇಕು. ಎರಡಡಿ ದೂರದಲ್ಲಿ ಕುಳಿತು ಕೇಳುವವನಿಗೆ ಬೇಕಾದ ಶಕ್ತಿ ಅತ್ಯಲ್ಪ.

ಸಣ್ಣ ಕೋನಿನ ನಿಜವಾದ ಮಿತಿ ಬೇರೆಡೆಯಲ್ಲಿದೆ. ಸ್ವರ ಒಂದು ಸ್ಥಾಯಿ ಕೆಳಗಿಳಿದಾಗ ಅಷ್ಟೇ ಜೋರಾಗಿ ಕೇಳಿಸಬೇಕಾದರೆ ಕೋನು ನಾಲ್ಕು ಪಟ್ಟು ದೂರ ಅಲುಗಬೇಕು. ಎರಡು ಸ್ಥಾಯಿ ಇಳಿದರೆ ಹದಿನಾರು ಪಟ್ಟು. ಮೂರಂಗುಲದ ಕೋನಿಗೆ ಇದು ಆಗದ ಮಾತು. ಮಂದ್ರವನ್ನೆಲ್ಲ ನೆಲದ ಮೇಲಿನ ಒಂದೇ ದೊಡ್ಡ ಪೆಟ್ಟಿಗೆಗೆ, ಎಂದರೆ ಸಬ್‌ವೂಫರಿಗೆ, ವಹಿಸಿಕೊಡುವ 2.1 ಎಂಬ ಏರ್ಪಾಟು ಜನಪ್ರಿಯವಾದದ್ದು ಈ ಕಾರಣಕ್ಕೆ. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸ್ವರ ಯಾವ ದಿಕ್ಕಿನಿಂದ ಬಂತೆಂದು ಕಿವಿ ಗುರುತಿಸುವುದು ಕಷ್ಟವಾದ್ದರಿಂದ ಆ ಪೆಟ್ಟಿಗೆ ಮೇಜಿನಡಿ ಅವಿತಿದ್ದರೂ ಮೋಸ ತಿಳಿಯುವುದಿಲ್ಲ. ಅಗ್ಗದ ಏರ್ಪಾಟುಗಳಲ್ಲಿ ಅದು ಬಹಳ ಮೇಲಿನ ಸ್ವರಗಳವರೆಗೂ ಕೈಚಾಚುವುದರಿಂದ ಗಾಯಕನ ಗಂಟಲಿನ ಅರ್ಧ ಮೇಜಿನ ಕೆಳಗಿನಿಂದ ಬಂದಂತಾಗುತ್ತದೆ.

ಮೇಜಿನ ಮೇಲೆ ಇಂದು ನಡೆಯುವ ತಿದ್ದುಪಡಿಗಳನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಒಂದೊಂದಕ್ಕೂ ಒಬ್ಬ ಪೂರ್ವಜನಿದ್ದಾನೆ. ಸ್ಪೀಕರನ್ನು ಗೋಡೆಗೆ ಹತ್ತಿರ ಸರಿಸಿದಾಗ ಸೊರಗಿದ ಮಂದ್ರಕ್ಕೆ ಮೈ ಬರುವುದು ಕ್ಲಿಪ್ಶ್‌ನ ಮೂಲೆಯ ತತ್ವ. ಗೋಡೆಯೊಂದು ಆದರ್ಶ ಸ್ಥಿತಿಯಲ್ಲಿ ಮಂದ್ರವನ್ನು 6 ಡೆಸಿಬೆಲ್‌ವರೆಗೆ ಎತ್ತುತ್ತದೆ, ಮೂಲೆಗೆ ತಳ್ಳಿದರೆ ಅದು ಅತಿಯಾಗಿ ಮಾತಿನ ಸ್ಪಷ್ಟತೆ ಕೆಡುತ್ತದೆ. ತೆಳು ಪ್ಲಾಸ್ಟಿಕ್ಕಿನ ಒಳಗೋಡೆಗೆ ಭಾರವಾದ ಡಾಂಬರು ಹಾಳೆ ಅಂಟಿಸುವುದು, ಸಡಿಲ ತಿರುಪುಗಳನ್ನು ಬಿಗಿಯುವುದು, ಸಂದುಗಳನ್ನು ಮುಚ್ಚುವುದು ಬ್ರಿಗ್ಸ್‌ನ ಮರಳಿನ ಮೊಮ್ಮಕ್ಕಳು. ಒಳಗೆ ಹತ್ತಿಯನ್ನೋ ದಿಂಬಿನ ನಾರನ್ನೋ ಸಡಿಲವಾಗಿ ತುಂಬಿದರೆ ಪೆಟ್ಟಿಗೆಯೊಳಗೆ ಪುಟಿಯುವ ದನಿ ಅಡಗುತ್ತದೆ. ಮೇಜಿನ ನಯವಾದ ಮೈಯಿಂದ ಚಿಮ್ಮಿ ಬರುವ ದನಿ ನೇರವಾಗಿ ಬಂದ ದನಿಗಿಂತ 17 ಸೆಂಟಿಮೀಟರ್ ಹೆಚ್ಚು ದೂರ ಸಾಗಿದ್ದರೆ 1,000 ಹರ್ಟ್ಸ್‌ನ ಅರ್ಧ ಅಲೆಯಷ್ಟು ಹಿಂದುಳಿದು ಅದೇ ಸ್ವರವನ್ನು ಅಳಿಸುತ್ತದೆ. ರೈಸ್ ಮತ್ತು ಕೆಲ್ಲಾಗ್ ಕಂಡ ಅಳಿಸಾಟವೇ ಬೇರೆ ವೇಷದಲ್ಲಿ ಮರಳಿ ಬಂದದ್ದು ಇದು. ಸ್ಪೀಕರನ್ನು ಎರಡು ಇಟ್ಟಿಗೆಗಳ ಮೇಲೋ ದಪ್ಪ ಪುಸ್ತಕಗಳ ಮೇಲೋ ಕಿವಿಯ ಮಟ್ಟಕ್ಕೆ ಏರಿಸಿ, ಎರಡು ಸ್ಪೀಕರು ಮತ್ತು ಕೇಳುವವನ ತಲೆ ಸಮಭುಜ ತ್ರಿಕೋನವಾಗುವಂತೆ ಕೊಂಚ ಒಳಕ್ಕೆ ತಿರುಗಿಸಿದರೆ, 1931ರಲ್ಲಿ ಸ್ಟೀರಿಯೊಗೆ ಪೇಟೆಂಟ್ ಅರ್ಜಿ ಹಾಕಿದ ಆಲನ್ ಬ್ಲಮ್ಲೀನ್ ಬಯಸಿದಂತೆ ಹಾಡುವವರು ಎರಡು ಪೆಟ್ಟಿಗೆಗಳ ನಡುವಿನ ಬರಿಗಾಳಿಯಲ್ಲಿ ಕುಳಿತಂತೆ ಭಾಸವಾಗುತ್ತದೆ.

ಕೋಣೆಯೂ ಒಂದು ದೊಡ್ಡ ಪೆಟ್ಟಿಗೆಯೇ. ವಿಜಯಪುರದ ಗೋಲಗುಮ್ಮಟದಲ್ಲಿ ಪಿಸುಮಾತು ಗೋಡೆಗುಂಟ ಸಾಗಿ ಆಚೆ ಬದಿಗೆ ತಲುಪುವುದನ್ನೂ ಚಪ್ಪಾಳೆ ಮತ್ತೆಮತ್ತೆ ಮರಳುವುದನ್ನೂ ಕೇಳಿದವರಿಗೆ ಗಟ್ಟಿಗೋಡೆಯ ಶಕ್ತಿಯನ್ನು ವಿವರಿಸಬೇಕಿಲ್ಲ. ಆ ಶಕ್ತಿಯನ್ನು ಮೊದಲು ಅಳೆದವನು ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೆಸ್ ಸಬೀನ್. 1895ರಲ್ಲಿ ಹೊಸದಾಗಿ ಕಟ್ಟಿದ ಫಾಗ್ ಉಪನ್ಯಾಸ ಭವನದಲ್ಲಿ ಆಡಿದ ಮಾತು ಅಡಗಲು ಐದೂವರೆ ಸೆಕೆಂಡು ಹಿಡಿಯುತ್ತಿದ್ದುದರಿಂದ ಪಾಠವೇ ಅರ್ಥವಾಗದಂತಾಗಿ, ಅದನ್ನು ಸರಿಪಡಿಸುವ ಹೊಣೆ ಅವನ ಮೇಲೆ ಬಿತ್ತು. ಹತ್ತಿರದ ರಂಗಮಂದಿರದ ಮೆತ್ತೆಗಳನ್ನು ರಾತ್ರಿಹೊತ್ತು ಹೊತ್ತು ತಂದು, ಒಂದೊಂದಾಗಿ ಹೆಚ್ಚಿಸುತ್ತ, ಆರ್ಗನ್ನಿನ ಕೊಳವೆ ನುಡಿಸಿ, ದನಿ ಅಡಗುವ ಕಾಲವನ್ನು ಗಡಿಯಾರದಲ್ಲಿ ಗುರುತಿಸುತ್ತ ಅವನು ಕಟ್ಟಿದ ಸೂತ್ರದ ಪ್ರಕಾರ ಆ ಕಾಲ ಕೋಣೆಯ ಗಾತ್ರವನ್ನೂ ದನಿ ಹೀರುವ ಮೆತ್ತನೆಯ ವಸ್ತುಗಳ ಒಟ್ಟು ಪ್ರಮಾಣವನ್ನೂ ಅವಲಂಬಿಸಿದೆ. ಸಿಮೆಂಟಿನ ಗೋಡೆ, ಗ್ರಾನೈಟಿನ ನೆಲ, ಬೋಳು ಕಿಟಕಿಗಳಿರುವ ಇಂದಿನ ಕೋಣೆಯಲ್ಲಿ ಜಮಖಾನೆ ಹಾಸುವುದು, ದಪ್ಪ ಪರದೆ ಇಳಿಬಿಡುವುದು, ಬೆನ್ನ ಹಿಂದೆ ಪುಸ್ತಕದ ಕಪಾಟು ನಿಲ್ಲಿಸುವುದು ಸಬೀನನ ಮೆತ್ತೆಗಳದೇ ಕೆಲಸ.

ಉಳಿದದ್ದು ಬ್ಯಾಕ್ಸಂಡಾಲನ ಹಾದಿ. ಅವನ ಮಂಡಲ ಮಾಡುತ್ತಿದ್ದ ತಿದ್ದುಪಡಿಯನ್ನು ಇಂದು ಕಂಪ್ಯೂಟರಿನ ಈಕ್ವಲೈಸರ್, ಎಂದರೆ ಸ್ವರಪಟ್ಟಿಗಳನ್ನು ಬೇರೆಬೇರೆಯಾಗಿ ಹದಗೊಳಿಸುವ ತಂತ್ರಾಂಶ, ಖರ್ಚಿಲ್ಲದೆ ಮಾಡುತ್ತದೆ. ಇದನ್ನು ಬಳಸುವಾಗ 1933ರಲ್ಲಿ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಪ್ರಕಟಿಸಿದ ಸಂಗತಿಯನ್ನು ಮರೆಯುವಂತಿಲ್ಲ: ದನಿ ಮೆಲುವಾದಷ್ಟೂ ಮಾನವ ಕಿವಿ ಮಂದ್ರಸ್ವರಗಳಿಗೆ ಮಂದವಾಗುತ್ತದೆ, ಆದ್ದರಿಂದ ಮೆಲ್ಲಗೆ ಕೇಳುವಾಗ ಮಂದ್ರವನ್ನು ಕೊಂಚ ಎತ್ತುವುದು ನ್ಯಾಯ. ಆದರೆ ಕೋನಿಗೆ ಆಗದ ಸ್ವರವನ್ನು ಎಷ್ಟು ಎತ್ತಿದರೂ ಸಿಗುವುದು ಒದರಾಟ ಮಾತ್ರ. ಹೆಚ್ಚಾಗಿ ಕೂಗುವ ಪಟ್ಟಿಯನ್ನು ತಗ್ಗಿಸುವುದು ಸೊರಗಿದ ಪಟ್ಟಿಯನ್ನು ಏರಿಸುವುದಕ್ಕಿಂತ ಕ್ಷೇಮ. ಸ್ಪೀಕರು ನುಡಿಸಲಾರದ ಅತಿಮಂದ್ರವನ್ನು ಮೊದಲೇ ಸೋಸಿ ತೆಗೆದರೆ, ಅದಕ್ಕಾಗಿ ವ್ಯರ್ಥವಾಗುತ್ತಿದ್ದ ಅಲುಗಾಟ ಉಳಿದು ಮೇಲಿನ ಸ್ವರಗಳು ತಿಳಿಯಾಗುತ್ತವೆ.

ಇಂಥ ಯಾವ ಉಪಾಯವೂ ಹಾಫ್‌ಮನ್ನನ ನಿಯಮವನ್ನು ಮೀರುವುದಿಲ್ಲ. ಮೂರಂಗುಲದ ಕೋನಿನಿಂದ ಮೃದಂಗದ ಎಡಬದಿಯ ಗುಮುಕಿ ಪೂರ್ತಿಯಾಗಿ ಕೇಳಿಸುವುದಿಲ್ಲ. ಆದರೆ ಮೇಜು, ಗೋಡೆ, ಪ್ಲಾಸ್ಟಿಕ್ಕುಗಳು ಹಾಡಿನ ಮೇಲೆ ಹೊರಿಸುವ ತಮ್ಮದೇ ದನಿಯನ್ನು ಕಳೆದರೆ ಉಳಿಯುವುದು ಅಗ್ಗದ ಸ್ಪೀಕರಿನ ನಿಜವಾದ ಸಾಮರ್ಥ್ಯ, ಅದು ಅಂಗಡಿಯಲ್ಲಿ ಕೇಳಿಸಿದ್ದಕ್ಕಿಂತ ಹೆಚ್ಚೇ ಇರುತ್ತದೆ. ಹಾಡು ನುಡಿಯುತ್ತಿರುವ ಮೊಬೈಲ್ ಫೋನನ್ನು ಅಡುಗೆಮನೆಯ ಸ್ಟೀಲ್ ಲೋಟದೊಳಗೆ ನಿಲ್ಲಿಸಿ ಕೆಲಸ ಮುಂದುವರಿಸುವವರು, ನೂರು ವರ್ಷಗಳ ಹಿಂದೆ ಹೆಡ್‌ಫೋನನ್ನು ಬಟ್ಟಲಿನಲ್ಲಿಟ್ಟ ಮನೆಮಂದಿಯ ಹೆಸರನ್ನೂ ಕೇಳಿರುವುದಿಲ್ಲ. ಲೋಟ ದನಿಯನ್ನು ಎತ್ತಿಕೊಡುತ್ತದೆ, ಜೊತೆಗೆ ತನ್ನ ಲೋಹದ ಕಂಠವನ್ನೂ ಬೆರೆಸುತ್ತದೆ; ಅದರ ಒಳಮೈಗೆ ಒಂದು ಮಡಿಕೆ ಬಟ್ಟೆ ಹಾಸಿದ ದಿನ ಬ್ರಿಗ್ಸ್‌ನ ಪಾಠವೂ ಅಡುಗೆಮನೆಗೆ ಬಂದಂತೆ.